ದೇವರ ಮನೆಯಲ್ಲೊಂದು ಕೂಗು

ನಾನು ಕೆಲಸ ಮಾಡುವ ಕಾರು ಕಂಪನಿ ಫಾರ್ಮುಲಾ ರೇಸಿಗೆಂದೇ ಸ್ವಂತ ಎಂಜಿನ್ ತಯಾರಿಸುತ್ತಿದೆ. ರಸ್ತೆ ಕಾರಿನ ಎಂಜಿನ್ನನ್ನು ತಿದ್ದಿ ತೀಡಿದ್ದಲ್ಲ, ಮೊದಲ ಬೋಲ್ಟಿನಿಂದ ನಮ್ಮದೇ! ಆ ತಂಡದಲ್ಲಿ ನಾನೂ ಇದ್ದೇನೆಂದು ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ತಿಳಿಯದವರಿಲ್ಲ. ತಿಳಿಸಿದ್ದು ನಾನೇ.

ಶನಿವಾರ ಸಂಜೆ ಮೇಲಧಿಕಾರಿ ಎಂಜಿನ್ ಪರೀಕ್ಷೆಯ ರೆಕಾರ್ಡಿಂಗ್ ಕಳಿಸಿದರು. "ನಡುವೆ ಏನೋ ಕೂಗುತ್ತೆ, ಕೇಳಿ ನೋಡಿ. ಎಂಜಿನ್ ಬಿಚ್ಚಬೇಕೋ ಬೇಡ್ವೋ ಸೋಮವಾರ ಹೇಳಿ."

ಮತ್ತೆ ಮತ್ತೆ ನುಡಿಯುವಂತೆ ಹಾಕಿದೆ. ಸದ್ದೇ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ. ಊಹೂಂ. ಫೈಲೇ ಕೆಟ್ಟಿದೆಯೆಂದು ತಜ್ಞನ ಗತ್ತಿನಲ್ಲಿ ತೀರ್ಮಾನಿಸಿ ಫೋನನ್ನು ಹಾಗೆಯೇ ಜೇಬಿಗಿಳಿಸಿದೆ.

ಅಷ್ಟರಲ್ಲಿ ಮಹಡಿ ಮನೆಯ ಶಾರದಮ್ಮ ಏದುಸಿರು ಬಿಡುತ್ತಾ ಇಳಿದು ಬಂದರು. "ದೇವರ ಮನೇಲಿ ಯಾರೋ ಅಳ್ತಿದಾರೆ, ಬನ್ನಿ!"

ಧೈರ್ಯ ಹೇಳುತ್ತಲೇ ಮೆಟ್ಟಿಲು ಹತ್ತಿದೆ. ಮನೆಯಲ್ಲಿ ನರಪಿಳ್ಳೆಯಿಲ್ಲ. ಇನ್ನೂ ದೀಪ ಹಚ್ಚಿರಲಿಲ್ಲ. ದೇವರ ಮನೆಯ ಮಬ್ಬಿನಿಂದ ಸಣ್ಣ ನರಳಾಟವೊಂದು ಎದ್ದು, ಏರಿ ಏರಿ ಕಿರುಚಾಟವಾಗಿ, ತಟ್ಟನೆ ನಿಂತು, ಉಸಿರೆಳೆದುಕೊಂಡು ಮತ್ತೆ ನರಳತೊಡಗಿತು. ಪಟಗಳ ಗಾಜು ಅದುರಿತು. ಕುಂಕುಮದ ಬಟ್ಟಲು ತಾನಾಗಿ ಸರಿಯಿತು. ನನ್ನ ಕಾಲು ಮಾತ್ರ ಸರಿಯಲಿಲ್ಲ.

"ಒಳಗೆ ಹೋಗಿ ನೋಡಿ," ಎಂದರು ಶಾರದಮ್ಮ.

"ನೀವು ಹಿರಿಯರು. ಮೊದಲು ನೀವು!"

ಕೊನೆಗೆ ನಾನೇ, "ಯಾರದು?" ಎಂದೆ. ಕೂಗು ನಿಂತಿತು! ಆ ಮೌನ ಕೂಗಿಗಿಂತ ಭಯಂಕರ. ಜೇಬಿನಲ್ಲಿ ಫೋನು ನಡುಗಿತು. ನನ್ನ ಹೆಂಡತಿ ವಸುಧಾ. ಒತ್ತಿ ಕಿವಿಗಿಟ್ಟುಕೊಂಡೆ. ಫೋನು ಉಸಿರೆತ್ತಲಿಲ್ಲ. ದೇವರ ಪಟಗಳ ಹಿಂದಿನಿಂದ ವಸುಧಾಳ ದನಿ ಗುಡುಗಿತು:

"ರೀ, ಎಲ್ಲಿ ಹಾಳಾಗ್ಹೋದ್ರಿ? ದೋಸೆ ಆರ್ತಿದೆ!"

ನಾನು ಸಾಷ್ಟಾಂಗ ಬಿದ್ದೆ. ಭಕ್ತಿಯಿಂದಲ್ಲ.

ಶಾರದಮ್ಮ ಕೈಮುಗಿದರು. "ತಾಯೀ, ಈಗ್ಲೇ ಕಳಿಸ್ತೀನಿ!"

ಗಲಾಟೆ ಕೇಳಿ ವಸುಧಾ ಕರೆ ಕಡಿದು ಮೇಲೆ ಬಂದಳು. ಅಷ್ಟರಲ್ಲಿ ಕೂಗು ಮತ್ತೆ ಶುರುವಾಗಿತ್ತು. ನನ್ನ ಫೋನಿನ ಪರದೆಯನ್ನೊಮ್ಮೆ ನೋಡಿ, ನೇರ ಒಳಗೆ ಹೋಗಿ ಪಟದ ಹಿಂದಿದ್ದ ಪುಟ್ಟ ಬ್ಲೂಟೂತ್ ಸ್ಪೀಕರನ್ನು ಹೊರಗೆ ತಂದಳು. ದೇವರನಾಮ ಕೇಳಲೆಂದು ಶಾರದಮ್ಮ ತರಿಸಿದ್ದು. ಹಿಂದಿನ ದಿನ ಅದನ್ನು ನನ್ನ ಫೋನಿಗೆ ಜೋಡಿಸಿ ಪರೀಕ್ಷಿಸಿದ ಮಹಾನುಭಾವ ನಾನೇ, ಬಿಡಿಸುವುದನ್ನು ಮರೆತಿದ್ದೆ.

"ಅಲ್ರೀ, ನೀವೇ ಮಾಡಿದ ಎಂಜಿನ್ ದನಿ ನಿಮಗೇ ಗೊತ್ತಾಗ್ಲಿಲ್ವಾ?"

"ಹೇಗೆ ಗೊತ್ತಾಗುತ್ತೆ? ಅದು ಓಡೋವಾಗ ನಾವೆಲ್ಲ ಕಿವಿ ಮುಚ್ಕೊಂಡಿರ್ತೀವಲ್ಲ!"

ಸೋಮವಾರ ಮೀಟಿಂಗಿನಲ್ಲಿ ಎದ್ದು ನಿಂತು, "ಕೂಗು ಇರೋದು ನಿಜ ಸಾರ್, ಬಿಚ್ಚಲೇಬೇಕು," ಎಂದು ಗಂಭೀರವಾಗಿ ಘೋಷಿಸಿದೆ.

"ಎಲ್ಲಿಂದ ಬರ್ತಿದೆ?" ಎಂದರು ಮೇಲಧಿಕಾರಿ.

"ದೇವರ ಮನೆಯಿಂದ," ಎಂದುಬಿಟ್ಟೆ.