ಕೆಂಚನ ಎರಡು ಮಾರು ಫಿಲಂ

ಕತ್ತರಿ ಹಿಡಿದವರನ್ನು ಕಂಡರೆ ನನಗೆ ಸುಲಭವಾಗಿ ನಂಬಿಕೆ ಬರುವುದಿಲ್ಲ. ದರ್ಜಿಯಾಗಲಿ, ಕ್ಷೌರದವನಾಗಲಿ, ನಮ್ಮದೇನನ್ನೋ ಕೆಳಗೆ ಉದುರಿಸಿ ‘ಈಗ ನೋಡಿ, ಎಷ್ಟು ಲಕ್ಷಣ’ ಎನ್ನುತ್ತಾರೆ. ನಾವೂ ಕನ್ನಡಿ ನೋಡಿ ಹೌದೆನ್ನುತ್ತೇವೆ. ಉದುರಿದ್ದನ್ನು ಯಾರು ಗುಡಿಸಿದರು, ಎಲ್ಲಿ ಹಾಕಿದರು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಅವರ ಮೇಲೆ ನನಗೇನೂ ದ್ವೇಷವಿಲ್ಲ. ಒಂದು ಕಾಲದಲ್ಲಿ ನಾನೂ ಕತ್ತರಿ ಹಿಡಿದವನೇ ಆದ್ದರಿಂದ ಈ ಗುಮಾನಿ. ಬಿಳಿ ದೊರೆಗಳಿದ್ದ ಕಾಲದಲ್ಲಿ, ಗೋಣಿಬೀಡಿನ ಆಚೆಯ ಒಂದು ಕಾಫಿ ಎಸ್ಟೇಟಿನಲ್ಲಿ, ನಾನು ಸಿನಿಮಾ ಕತ್ತರಿಸಿ ಜೋಡಿಸುವ ವಿದ್ಯೆ ಕಲಿತೆ. ಇದನ್ನು ಹೇಳಿದರೆ ಮನೆಗೆ ಬಂದವರು ಕುರ್ಚಿ ಹತ್ತಿರ ಎಳೆದುಕೊಂಡು, ಯಾವ ಯಾವ ನಟಿಯರನ್ನು ಕಂಡಿದ್ದೀರಿ ಎಂದು ಕೇಳುತ್ತಾರೆ. ನನ್ನ ಸಿನಿಮಾದಲ್ಲಿ ಇದ್ದದ್ದು ಒಂದು ರಾಶಿ ಕಾಫಿ ಹಣ್ಣು, ಒಂದು ನಾಯಿ ಮತ್ತು ದೊರೆಯ ಕುದುರೆಯ ಹಿಂಭಾಗ. ಉಳಿದವರನ್ನೆಲ್ಲ ನಾನೇ ತೆಗೆದುಹಾಕಿದ್ದೆ.

ಮೂಡಿಗೆರೆಯಲ್ಲಿ ನಮ್ಮ ತಂದೆಯವರದು ಜವಳಿ ಅಂಗಡಿ. ಹೈಸ್ಕೂಲು ಓದಿದ ಮಗ ಬಟ್ಟೆ ಅಳೆಯುತ್ತಾ ಕೂರುವುದು ಬೇಡವೆಂದು ಅವರು ಯಾರಿಗೋ ಹೇಳಿ ನನ್ನನ್ನು ಎಸ್ಟೇಟಿನ ರೈಟರ್ ಕೆಲಸಕ್ಕೆ ಸೇರಿಸಿದರು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಯಾರು ಯಾವ ಕೆಲಸಕ್ಕೆ ಹೋದರೆಂದು ಬರೆಯುವುದು, ಪಾರ್ಚ್‌ಮೆಂಟ್ ಎಂದು ಕರೆಯುವ, ಹೊಟ್ಟು ತೆಗೆಯದೆ ಒಣಗಿಸಿದ ಕಾಫಿಯ ಮೂಟೆಗಳ ಮೇಲೆ ದುಂಡಗಿನ ಅಕ್ಷರದಲ್ಲಿ ಗುರುತು ಹಾಕುವುದು, ಇಷ್ಟೇ ನನ್ನ ಪ್ರಪಂಚ. ಇಪ್ಪತ್ತೆರಡು ವರ್ಷಕ್ಕೆ ಅರವತ್ತು ಜನ ನನ್ನನ್ನು ‘ಅಯ್ಯಾ’ ಎನ್ನುತ್ತಿದ್ದರು. ಆ ವಯಸ್ಸಿನಲ್ಲಿ ಅದು ಒಳ್ಳೆಯದಲ್ಲ. ಆ ವರ್ಷ ರಜೆಗೆ ಹೋಗಿದ್ದ ದೊರೆ ಬರುವಾಗ ಒಂದು ಸಿನಿಮಾ ಕ್ಯಾಮರ ತಂದರು. ತಮ್ಮ ಊರಿನ ನೆಂಟರಿಗೆ, ಕಾಫಿ ಎಂಬುದು ಸಸಿಯಿಂದ ಬಟ್ಟಲಿನ ತನಕ ಹೇಗೆ ಬರುತ್ತದೆಂದು ತೋರಿಸುವ ಆಸೆ ಅವರಿಗೆ. ಕುದುರೆ ಇಳಿದ ಕಡೆಯಲ್ಲೆಲ್ಲ ಆ ಪೆಟ್ಟಿಗೆಯನ್ನು ಕಣ್ಣಿಗೆ ಹಿಡಿಯುತ್ತಿದ್ದರು. ಫಿಲಂ ಅಂಚೆಯಲ್ಲಿ ಬೊಂಬಾಯಿಗೆ ಹೋಗಿ, ತೊಳೆಸಿಕೊಂಡು, ತಗಡಿನ ಡಬ್ಬಿಯಲ್ಲಿ ಸುರುಳಿಯಾಗಿ ಬರುತ್ತಿತ್ತು. ಕತ್ತರಿಸಿ ಜೋಡಿಸುವ ಕೆಲಸ ದೊರೆಸಾನಿಯವರ ಪಾಲಿಗೆ ಬಂತು. ಅವರಿಗೋ ಕಣ್ಣುನೋವು. ಮೂಟೆಯ ಮೇಲಿನ ನನ್ನ ಅಕ್ಷರ ನೋಡಿ, ಕೈ ನಡುಗದ ಮನುಷ್ಯನೆಂದು ನನ್ನನ್ನು ಬಂಗಲೆಗೆ ಕರೆಸಿದರು.

ದೊರೆಸಾನಿಯವರು ಕನ್ನಡ ಕಲಿತದ್ದು ಅಡಿಗೆಯವನಿಂದ. ಹಾಗಾಗಿ ಅವರ ಕನ್ನಡದಲ್ಲಿ ಎಲ್ಲರೂ ‘ನೀನು’, ಎಲ್ಲ ಕೆಲಸವೂ ಅಡಿಗೆ. ಕ್ಯಾಮರಾದ ಜೊತೆಗೆ ಬಂದಿದ್ದ ಪುಸ್ತಕವನ್ನು ಓದಿ ಅವರು ನನಗೆ ಹೇಳಿದ ಮೊದಲ ಪಾಠ, ‘ಇದು ಉದ್ದ. ಬೆಂದು ಹೋಯಿತು. ಬೇಗ ಇಳಿಸು.’ ಅಂದರೆ, ನೋಡುವವನಿಗೆ ಸಾಕು ಅನ್ನಿಸುವ ಮೊದಲೇ ತುಂಡನ್ನು ಮುಗಿಸಬೇಕು. ಫಿಲಂನ ತುದಿಯನ್ನು ಬ್ಲೇಡಿನಿಂದ ಹೆರೆದು, ಮೂಗು ಸುಡುವ ವಾಸನೆಯ ಅಂಟನ್ನು ಒಂದು ಹನಿ ಹಚ್ಚಿ, ಇನ್ನೊಂದು ತುದಿಯನ್ನು ಇಟ್ಟು, ಇಪ್ಪತ್ತು ಎಣಿಸುವ ತನಕ ಒತ್ತಿ ಹಿಡಿಯುವುದು. ನಾನು ಮೊದಲ ಸಲ ಅಂಟಿಸಿದ್ದು ತಲೆಕೆಳಗಾಗಿತ್ತು. ಹಣ್ಣು ಕುಯ್ಯುವ ಹೆಂಗಸರೆಲ್ಲ ಬಾವಲಿಗಳ ಹಾಗೆ ಆಕಾಶಕ್ಕೆ ನೇತುಬಿದ್ದಿದ್ದರು. ಎರಡನೆಯ ಸಲ ಹಣ್ಣಾದ ಮೇಲೆ ಹೂವು ಬಂತು. ‘ಸೂಪಿಗೆ ಮೊದಲು ಪುಡ್ಡಿಂಗ್ ಕೊಡುತ್ತೀಯಾ?’ ಎಂದು ಕೇಳಿದರು.

ಆಮೇಲೊಂದು ದಿನ ಅವರು ತೋರಿಸಿದ ವಿದ್ಯೆಗೆ ನಾನು ಬೆಚ್ಚಿಬಿದ್ದೆ. ಮೇಸ್ತ್ರಿ ತಿಮ್ಮಪ್ಪ ತಲೆಯೆತ್ತಿ ಮೇಲೆ ನೋಡುವ ಒಂದು ತುಂಡಿತ್ತು. ಅದರ ಮುಂದೆ ಮೋಡದ ತುಂಡು ಅಂಟಿಸಿದರು. ತಿಮ್ಮಪ್ಪ ಮಳೆಗೆ ಹೆದರಿದ. ಮೋಡವನ್ನು ಕಿತ್ತು ಹಲಸಿನ ಹಣ್ಣಿನ ತುಂಡು ಅಂಟಿಸಿದರು. ತಿಮ್ಮಪ್ಪನಿಗೆ ಹಸಿವಾಯಿತು. ಮನುಷ್ಯ ಅವನೇ, ಮುಖವೂ ಅದೇ, ಒಂದು ಕೂದಲೂ ಅಲುಗಿರಲಿಲ್ಲ. ಎರಡು ತುಂಡು ಪಕ್ಕಪಕ್ಕ ಇಟ್ಟರೆ ನಡುವಿನ ಸುಳ್ಳನ್ನು ನೋಡುವವನೇ ಹುಟ್ಟಿಸಿಕೊಳ್ಳುತ್ತಾನೆ ಎಂಬುದು ನನಗೆ ಆವತ್ತು ಗೊತ್ತಾಯಿತು. ಗೊತ್ತಾಗದೆ ಇದ್ದಿದ್ದರೆ ಒಳ್ಳೆಯದಿತ್ತು.

ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಕ್ಯಾಮರಾವನ್ನು ನೇರವಾಗಿ ನೋಡಿದವರನ್ನು ತೆಗೆಯಬೇಕು. ಅವರು ನಮ್ಮನ್ನು ನೋಡಿದರೆ ಕಥೆ ಒಡೆಯುತ್ತದಂತೆ. ಆದರೆ ನಮ್ಮ ಕಡೆ ದೊರೆ ಬಂದು ನಿಂತು ಕಣ್ಣಿಗೆ ಪೆಟ್ಟಿಗೆ ಹಿಡಿದರೆ ನೋಡದೆ ಇರುವವರು ಯಾರು? ಗಂಡಸರು ಮುಂಡಾಸು ಸರಿಮಾಡಿಕೊಂಡು ಸಲಾಮು ಹೊಡೆದಿದ್ದರು. ಹೆಂಗಸರು ಸೆರಗು ಎಳೆದುಕೊಂಡು, ಸೆರಗಿನ ಸಂದಿಯಿಂದ ನೋಡಿದ್ದರು. ನಾನು ಕತ್ತರಿಸುತ್ತಾ ಹೋದಂತೆ ಎಸ್ಟೇಟು ಖಾಲಿಯಾಗುತ್ತಾ ಬಂತು. ಕಾಫಿ ತಾನೇ ಹಣ್ಣಾಗಿ, ತಾನೇ ಕಣಕ್ಕೆ ನಡೆದುಕೊಂಡು ಬಂದು ಒಣಗಿತು. ಬಂಗಲೆಯ ಜಗಲಿಯಲ್ಲಿ ಸುತ್ತಲ ದೊರೆಗಳಿಗೆ ತೋರಿಸಿದಾಗ ಎಲ್ಲರೂ ಮೆಚ್ಚಿಕೊಂಡರು. ಹಿಂದೆ ನಿಂತು ನೋಡಿದ ತಿಮ್ಮಪ್ಪ ಮಾತ್ರ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ತಡೆಯಲಾರದೆ ಕೇಳಿದ: ‘ಕೋಟಿಗೆ ಇಸ್ತ್ರಿ ಮಾಡಿಸ್ಕೊಂಡು ನಿಂತಿದ್ದೆ ಮಾರಾಯ್ರೇ. ಆ ಕುದುರೆ ಬಾಲಕ್ಕಿರೋ ಯೋಗ್ಯತೆ ನಂಗಿಲ್ವಾ?’

ಹೀಗೆ ತೆಗೆದವರಲ್ಲಿ ಕೆಂಚನೂ ಒಬ್ಬ. ಮರಗಸಿಯಲ್ಲಿ, ಅಂದರೆ ಕಾಫಿಗೆ ಬಿಸಿಲು ಬೀಳಲೆಂದು ನೆರಳು ಮರದ ಕೊಂಬೆ ಸವರುವುದರಲ್ಲಿ, ಅವನಷ್ಟು ಹಗುರಾದವರು ಇರಲಿಲ್ಲ. ದೊರೆ ಅವನ ಮರದ ಕೆಳಗೆ ಬಹಳ ಹೊತ್ತು ನಿಂತು ಫಿಲಂ ತೆಗೆದಿದ್ದರು. ಕೆಂಚನಿಗೆ ಅದೇ ದೊಡ್ಡ ಹಬ್ಬ. ಹೆಂಡತಿ ಲಚ್ಚಿಗೂ ಆಳುಗಳ ಲೈನಿನ ಮನೆಗಳಿಗೆಲ್ಲ ಹೇಳಿಕೊಂಡು ಬಂದಿದ್ದ. ದಿನಾ ಬೆಳಿಗ್ಗೆ ನಾನು ಹೆಸರು ಕೂಗಿದರೆ, ‘ಹಾಜರ್ ಅಯ್ಯಾ. ಪೆಟ್ಟಿಗೆ ಒಳಗೂ ಹಾಜರಾ?’ ಎಂದು ಕೇಳುತ್ತಿದ್ದ. ಜನ ನಗುತ್ತಿದ್ದರು. ನಾನು ಪುಸ್ತಕದಿಂದ ತಲೆಯೆತ್ತದೆ ‘ಹಾಜರು’ ಎನ್ನುತ್ತಿದ್ದೆ. ಅಷ್ಟು ಹೊತ್ತಿಗೆ ಅವನನ್ನು ಕತ್ತರಿಸಿ ಎರಡು ವಾರವಾಗಿತ್ತು.

ಒಂದು ದಿನ ಮಧ್ಯಾಹ್ನ ಅವನು ಮರದಿಂದ ಬಿದ್ದ. ಪಾಚಿ ಕಟ್ಟಿದ ಕೊಂಬೆ, ಕಾಲು ಜಾರಿತು. ಕಂಬಳಿಯಲ್ಲಿ ಹೊತ್ತು ರಸ್ತೆಗೆ ತರುವಷ್ಟರಲ್ಲಿ ಮುಗಿದಿತ್ತು. ಮಾರನೆಯ ಬೆಳಿಗ್ಗೆ ನಾನು ಹಾಜರಿ ಕೂಗುತ್ತಾ ಹೋಗಿ, ಬಾಯಿಯ ಅಭ್ಯಾಸಕ್ಕೆ ಅವನ ಹೆಸರನ್ನೂ ಕೂಗಿದೆ. ಸಾಲಿನಲ್ಲಿ ನಿಂತವರೆಲ್ಲ ತಲೆಯೆತ್ತಿದರು. ಅವರು ನನ್ನನ್ನು ನೋಡಿದ ರೀತಿ, ದೊರೆಯ ಪೆಟ್ಟಿಗೆಯನ್ನು ನೋಡಿದ ಹಾಗೆ, ನೇರವಾಗಿತ್ತು.

ತಿಂಗಳು ಕಳೆದ ಮೇಲೆ ಲಚ್ಚಿ ಆಫೀಸಿನ ಬಾಗಿಲಿಗೆ ಬಂದಳು. ಅವಳ ಗಂಡನದು ಒಂದು ಫೋಟೋ ಕೂಡ ಇರಲಿಲ್ಲ. ಆ ಕಾಲದಲ್ಲಿ ಅಂಥವರದು ಯಾರದೂ ಇರಲಿಲ್ಲ. ‘ಅಯ್ಯಾ, ಕಣ್ಣು ಮುಚ್ಚಿದ್ರೆ ಅವರ ದನಿ ಬರುತ್ತೆ, ಮುಖ ಬರಾಕಿಲ್ಲ,’ ಎಂದಳು. ‘ಮರೀತಾ ಅದೆ. ಪೆಟ್ಟಿಗೇಲಿ ಅವ್ರೆ ಅಂತಿದ್ರಲ್ಲ, ಒಂದ್ ಸಲ ತೋರಿಸ್ತೀರಾ?’ ನಾನು ದೊರೆಸಾನಿಯವರನ್ನು ಕೇಳಿ ಹೇಳುತ್ತೇನೆಂದೆ. ಅವರು ಬೇಡವೆನ್ನಲಿ ಎಂದು ನಾನು ದಾರಿಯುದ್ದಕ್ಕೂ ಹರಕೆ ಹೊತ್ತದ್ದು ನಿಜ. ಅವರು ಬೇಡವೆನ್ನಲಿಲ್ಲ. ಅವರ ಕೊನೆಯ ನಿಯಮವೊಂದಿತ್ತು: ಸಿಪ್ಪೆ ಎಸೆಯಬೇಡ, ನಾಳೆ ಬೇಕಾಗುತ್ತದೆ. ಕತ್ತರಿಸಿದ ತುಂಡುಗಳೆಲ್ಲ ಒಂದು ಬುಟ್ಟಿಯಲ್ಲಿದ್ದವು. ಸಿಪ್ಪೆಗಳನ್ನೆಲ್ಲ ಸೇರಿಸಿ ಆಳುಗಳಿಗಾಗಿಯೇ ಒಂದು ಸಿನಿಮಾ ಮಾಡು, ಕೆಂಚನನ್ನು ನಡುವೆ ಇಡು, ಎಂದರು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಇಷ್ಟರ ತನಕ ಬರೆದದ್ದರಲ್ಲಿ ಒಂದು ತುಂಡನ್ನು ಕತ್ತರಿಸಿಟ್ಟಿದ್ದೇನೆ, ಹಳೆಯ ಚಾಳಿ. ಕೆಂಚ ಕ್ಯಾಮರಾ ನೋಡಿದ್ದಕ್ಕಾಗಿ ನಾನು ಅವನನ್ನು ತೆಗೆದದ್ದಲ್ಲ. ಆ ಮರದ ಮೇಲೆ ಅವನು ಮಾಡಿದ್ದು ನನ್ನ ಅಣಕ. ಸವರಿದ ಕೊಂಬೆಯೊಂದನ್ನು ಹಾಜರಿ ಪುಸ್ತಕದ ಹಾಗೆ ಕಂಕುಳಲ್ಲಿ ಇಟ್ಟುಕೊಂಡು, ಎಡ ಭುಜ ತಗ್ಗಿಸಿ, ಕಡ್ಡಿಯೊಂದನ್ನು ಪೆನ್ಸಿಲಿನಂತೆ ನಾಲಿಗೆಗೆ ಎರಡು ಸಲ ತಾಕಿಸಿ, ಗಲ್ಲ ಮೇಲೆತ್ತಿ, ಎದುರಿನ ಮರಗಳ ಹಾಜರಿ ಕೂಗಿದ್ದ. ಕೊನೆಗೆ ಕ್ಯಾಮರಾ ಕಡೆ ತಿರುಗಿ ಬಾಯಿ ತುಂಬ ನಕ್ಕಿದ್ದ. ನಾನು ನಡೆಯುವುದು ಹಾಗೆಂದು ನನಗೆ ಗೊತ್ತಾದದ್ದೇ ಭೂತಗನ್ನಡಿಯಲ್ಲಿ ಅದನ್ನು ನೋಡಿದಾಗ. ದೊರೆಸಾನಿಯವರು ನೋಡಿದರೆ ಖಂಡಿತ ಇಟ್ಟುಕೊಳ್ಳುತ್ತಿದ್ದರು, ನೆಂಟರೂರಿನ ತನಕ ಜನ ನಗುತ್ತಿದ್ದರು. ಅವರು ಬರುವ ಮೊದಲೇ ಎರಡು ಮಾರು ಉದ್ದದ ಆ ತುಂಡನ್ನು ಕತ್ತರಿಸಿದೆ. ಬುಟ್ಟಿಗೆ ಹಾಕಲಿಲ್ಲ. ಬಂಗಲೆಯ ಹಿಂದಿನ ಬಿಸಿನೀರಿನ ಹಂಡೆಯ ಒಲೆಗೆ ಹಾಕಿದೆ. ಅದು ಸುಲಭವಾಗಿ ಹತ್ತಿಕೊಳ್ಳಲಿಲ್ಲ, ಸುರುಟಿಕೊಳ್ಳುತ್ತಾ ಹೋಯಿತು. ನಾನು ಕಡ್ಡಿಯಿಂದ ಒಳಗೆ ತಳ್ಳಿದೆ.

ಹಾಗಾಗಿ ಬುಟ್ಟಿಯಲ್ಲಿ ಎಲ್ಲರ ಮುಖವಿತ್ತು, ಕೆಂಚನದೊಂದೇ ಇರಲಿಲ್ಲ. ಉಳಿದದ್ದು ಅವನು ಏಣಿ ಹತ್ತುವ ಒಂದು ಮೊಳದ ತುಂಡು. ಅದರಲ್ಲಿ ಕಾಣುವುದು ಮೊಣಕಾಲಿನಿಂದ ಕೆಳಗೆ ಮಾತ್ರ. ನಿಜ ಹೇಳಿಬಿಡಲು ಎರಡು ದಿನ ಸಮಯವಿತ್ತು. ಆ ಎರಡು ದಿನವನ್ನು ನಾನು ಬುಟ್ಟಿ ಹುಡುಕಲು ಬಳಸಿದೆ. ಬೇರೆ ಯಾರೋ ದೂರದ ಮರದಲ್ಲಿ ಎಲೆಗಳ ಮರೆಯಲ್ಲಿ ನಿಂತ ತುಂಡೊಂದು ಸಿಕ್ಕಿತು. ಮುಖ ಅರ್ಧಕ್ಕರ್ಧ ನೆರಳು. ಕೆಂಚನ ಕಾಲಿಗೆ ಅವನನ್ನು ಅಂಟಿಸಿ ಇಪ್ಪತ್ತು ಎಣಿಸಿದೆ. ಹಲಸಿನ ಹಣ್ಣಿನ ಪಾಠ. ನನ್ನ ಕೈಯಿಂದ ಅಷ್ಟು ಒಳ್ಳೆಯ ಜೋಡಣೆ ಅದುವರೆಗೂ ಆಗಿರಲಿಲ್ಲ, ಗೆರೆಯೇ ಕಾಣುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಕಾಫಿ ಗೋದಾಮಿನ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿದೆವು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಂಜಿನ್ನಿಗೆ ಡೈನಮೋ ಸೇರಿಸಿ ಸಿನಿಮಾ ತೋರಿಸುವ ಯಂತ್ರ ಓಡಿಸಿದರು ದೊರೆಸಾನಿ. ಬಿಳಿ ಬಟ್ಟೆಯ ಮೇಲೆ ತಿಮ್ಮಪ್ಪ ಕೋಟು ತೊಟ್ಟು ಪ್ರತ್ಯಕ್ಷನಾದ. ಗೋದಾಮು ನಗೆಯಿಂದ ಒಡೆದುಹೋಯಿತು. ಒಬ್ಬೊಬ್ಬರೂ ಬಂದು ನಮ್ಮನ್ನು ನೇರವಾಗಿ ನೋಡಿದರು, ಸಲಾಮು ಹೊಡೆದರು, ಸೆರಗಿನ ಸಂದಿಯಿಂದ ನಕ್ಕರು. ಕೆಳಗೆ ಕೂತವರು ಅವರಿಗೆ ತಿರುಗಿ ಸಲಾಮು ಹೊಡೆದರು. ದೊರೆಗಳು ನೋಡಿದ ಸಿನಿಮಾಕ್ಕಿಂತ ಇದೇ ಚೆನ್ನಾಗಿತ್ತು. ಆಮೇಲೆ ಏಣಿ ಬಂತು, ಎರಡು ಕಾಲು ಹತ್ತಿ ಹೋದವು. ಎಲೆಗಳ ನಡುವೆ ಮನುಷ್ಯನೊಬ್ಬ ಕಂಡ, ಹೋದ. ಸಲಾಮು ಹೊಡೆಯುತ್ತಿದ್ದ ಕೈಗಳು ಕೆಳಗಿಳಿದವು. ಜೊತೆಗೆ ದುಡಿದವರಿಗೆ ಗೊತ್ತಾಗದೆ ಇರುತ್ತದೆಯೇ? ಲಚ್ಚಿ ಎದ್ದು ಯಂತ್ರದ ಹತ್ತಿರ ಬಂದಳು.

‘ಅಯ್ಯಾ, ಕಾಲು ನಮ್ಮೋರ್ದು. ಆ ಹಿಮ್ಮಡಿ ಮೇಲೆ ಕತ್ತಿ ಗಾಯ ಅದೆ. ಮುಖ ಬ್ಯಾರೆಯೋರ್ದು.’ ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅಂಗಡಿಯಲ್ಲಿ ತೂಕ ತಪ್ಪಿದ್ದನ್ನು ಹೇಳುವ ಹಾಗೆ ಹೇಳಿದಳು. ‘ಹೋಗ್ಲಿ. ಆ ಕಾಲನ್ನೇ ಇನ್ನೊಂದ್ ಸಲ ತೋರ್ಸಿ.’

ದೊರೆಸಾನಿಯವರು ನನ್ನ ಕಡೆ ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವರು ಕೊನೆಯ ತನಕ ಕೇಳಲಿಲ್ಲ. ದೀಪ ಆರಿಸದೆ ಯಂತ್ರವನ್ನು ಹಿಂದಕ್ಕೆ ತಿರುಗಿಸಿದರು. ಎಲೆಗಳ ಮನುಷ್ಯ ಮಾಯವಾದ. ಕೆಂಚನ ಕಾಲುಗಳು ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದವು, ಅವಸರವಿಲ್ಲದೆ, ಜಾರದೆ. ಬಂದು ನೆಲದ ಮೇಲೆ ನಿಂತವು.

‘ಇಳಿದ್ರು,’ ಎಂದಳು ಲಚ್ಚಿ. ‘ಇಷ್ಟೇ ಸಾಕು.’

ಮರುವರ್ಷ ಅವಳು ಕಳಸದ ಆಚೆಯ ತವರಿಗೆ ಹೊರಟುಹೋದಳು. ಅವಳ ಗಂಡನ ಮುಖವನ್ನು ಸುಟ್ಟವನು ನಾನು ಎಂದು ಅವಳಿಗೆ ಹೇಳಲಿಲ್ಲ. ಹೇಳಲು ಆಫೀಸಿನಿಂದ ಲೈನಿಗೆ ನಾನೂರು ಹೆಜ್ಜೆ ನಡೆಯಬೇಕಿತ್ತು. ಅರ್ಧ ದಾರಿಗೆ ಎರಡು ಸಲ ಹೋಗಿದ್ದೇನೆ. ಈಗ ಅವಳಿಲ್ಲ, ದೊರೆಯೂ ಇಲ್ಲ, ಡಬ್ಬಿಗಳು ಯಾವ ದೇಶದಲ್ಲಿವೆಯೋ. ಸುಟ್ಟ ಎರಡು ಮಾರು ಮಾತ್ರ ನನ್ನ ತಲೆಯೊಳಗೆ ಒಂದು ಗೀರೂ ಇಲ್ಲದೆ ಓಡುತ್ತದೆ.

ನನ್ನ ಮೊಮ್ಮಗಳು ಅಣಕ ಮಾಡುವುದರಲ್ಲಿ ನಿಪುಣೆ. ಹೋದ ತಿಂಗಳು ನನ್ನ ನಡಿಗೆಯನ್ನು ಅನುಕರಿಸುತ್ತಿದ್ದಾಗ ನಾನು ನೋಡಿಬಿಟ್ಟೆ. ಹುಡುಗಿ ಹೆದರಿದಳು. ನಾನು ಅವಳನ್ನು ಕರೆದು, ಹಾಗಲ್ಲ, ಹೀಗೆ ಎಂದು ತಿದ್ದಿದೆ. ಅಂದಿನಿಂದ ದಿನವೂ ಪಾಠ ನಡೆದಿದೆ. ನೀವು ಹೀಗೆ ನಡೆಯುವುದೇ ಇಲ್ಲವಲ್ಲ ತಾತ ಎಂದು ಅವಳ ತಕರಾರು. ನಿಜ, ಈಗ ನಾನು ನಡೆಯುವುದೇ ಕಡಿಮೆ. ನಿನ್ನೆ ಅವಳು ಪಂಚಾಂಗವನ್ನು ಕಂಕುಳಲ್ಲಿ ಇಟ್ಟುಕೊಂಡು, ಪೆನ್ಸಿಲನ್ನು ನಾಲಿಗೆಗೆ ಎರಡು ಸಲ ತಾಕಿಸಿ, ಗಲ್ಲ ಮೇಲೆತ್ತಿ, ಅಂಗಳದ ಗಿಡಗಳ ಹಾಜರಿ ಕೂಗಿದಳು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವಳು ತಿರುಗಿ ನನ್ನನ್ನು ನೇರವಾಗಿ ನೋಡಿ, ಸಿಟ್ಟು ಬಂತಾ ತಾತ ಎಂದು ಕೇಳಿದಳು.

‘ಇಲ್ಲ,’ ಎಂದೆ. ‘ಎಡ ಭುಜ ಇನ್ನೂ ಸ್ವಲ್ಪ ತಗ್ಗಬೇಕು.’