ಕೌದಿ ಹೊಟ್ಟಿ ಸೇರಿದ ಹಾಳಿ

ಗೌಸಸಾಬ ಮಾಸ್ತರಿಗೆ ಇವತ್ತಿಗೂ ಒಂದು ಸಂಕಟ ಐತಿ. ಆ ದಿನ ಡಿಕ್ಷನರಿ ತೆಗೀಬಾರದಿತ್ತು. ತೆಗೆದ ಮ್ಯಾಲೆ ಪೂರ್ತಿಯರ ಓದಬೇಕಿತ್ತು.

ಮಗಳು ಶಮೀಮ ಚೊಚ್ಚಲ ಬಾಣಂತನಕ್ಕ ಬೆಂಗೇರಿಯ ತವರಿಗೆ ಬಂದಿದ್ದಳು. ಮಾಸ್ತರರ ಹೆಂಡತಿ ಮೈಮುನಾ ಹುಟ್ಟೋ ಕೂಸಿಗೆ ಹಳೇ ಸೀರಿ, ಗಂಡನ ಹರಕ ಶೇರವಾನಿ ಎಲ್ಲಾ ಕೂಡಿಸಿ ಕೌದಿ ಹೊಲಿಯಾಕತ್ತಿದ್ದಳು. ಬಸರಿನ್ನ ನೋಡಾಕ ಬಂದ ಬಿಳಿ ಡಾಕ್ಟರಬಾಯಿ ಕೌದಿ ಮ್ಯಾಲೆ ಕೈಯಾಡಿಸಿ "ನೈಸ್, ವೆರಿ ನೈಸ್" ಅಂದ್ಲು. ತಗೋ, ಎಂಟು ದಿನ ಮೈಮುನಾ ಆ ಮಾತನ್ನ ನಳದ ಕಟ್ಟಿಗೆಲ್ಲಾ ಹಂಚಿದಳು. ಇಪ್ಪತ್ತು ವರ್ಷದ ಸಂಸಾರದಾಗ ಆಕಿ ಕೆಲಸಾನ ಯಾರೂ ಹೊಗಳಿದ್ದಿಲ್ಲ. (ಮಾಸ್ತರರೂ ಆ 'ಯಾರೂ' ಒಳಗ ಬರ್ತಾರ.)

ಮಾಸ್ತರಿಗೆ ಹೊಟ್ಟಿಕಿಚ್ಚು. ಇಷ್ಟು ವರ್ಷ ಸಾಲ್ಯಾಗ ಇಂಗ್ಲಿಷ್ ಕಲಿಸಿದ ತಮಗ ಒಬ್ಬ ಬಿಳಿಯನೂ ನೈಸ್ ಅಂದಿಲ್ಲ! ಚಾಳೀಸು ಮೂಗಿಗೆ ಏರಿಸಿ ಡಿಕ್ಷನರಿ ತೆರೆದು ಉಪನ್ಯಾಸ ಸುರು ಮಾಡಿದರು: ಈ ಮಾತಿನ ಮೂಲ ಲ್ಯಾಟಿನ್, ಅಲ್ಲಿ 'ಏನೂ ಅರೀದಾಂವ' ಅಂತ ಅರ್ಥ, ಫ್ರಾನ್ಸಿಗೆ ಬಂದು 'ದಡ್ಡ' ಅಂತ ಆತು.

"ಅಂದ್ರ ಡಾಕ್ಟರಬಾಯಿ ನನಗ ದಡ್ಡಿ ಅಂದ್ಲೇನ್ರಿ?"

ಮೂಲ ನೋಡಿದ್ರ ಹಂಗ, ಅಂತಂದು ಮಾಸ್ತರರು ಹಾಳಿ ಮೂಲಿ ಮಡಚಿ ಪುಸ್ತಕ ಮುಚ್ಚಿದರು. ಕೆಳಗ ಇನ್ನೂ ಆರು ಸಾಲಿದ್ದವು. ಆ ಮಾತು ಮುಂದ ನಾಜೂಕು ಅಂತಾಗಿ, ಕಡೀಕೆ ಛಲೋ ಅಂತಾದ ಕಥಿ ಅಲ್ಲಿತ್ತು. ಅದನ್ನ ಓದಲಿಲ್ಲ.

ಮೈಮುನಾ ಸೂಜಿ ಡಬ್ಬಿ ಮುಚ್ಚಿಟ್ಟಳು. ನಳಕ್ಕ ಯಾರೂ ಇಲ್ಲದ ಹೊತ್ತಿನಾಗ ಹೋಗಾಕ ಹತ್ತಿದಳು. ಕೌದಿಯ ಒಂದು ಮೂಲಿ ಹೊಲಿಯೋದು ಬಾಕಿ ಇತ್ತು. ಕಡೀ ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲೀಬೇಕು. ಕೌದಿ ಹಸದಿದ್ರ ಹೊದ್ದಾವ್ರೂ ಹಸೀತಾರಂತ. ಆ ಮೂಲಿ ಹಂಗ ಬಾಯಿ ಬಿಟಗೊಂಡಿತ್ತು. ಮಾಸ್ತರಿಗೆ ಊಟ ಹೊತ್ತಿಗೆ ಸರಿಯಾಗಿ ಬರತಿತ್ತು, ಮಾತು ಮಾತ್ರ ಬರತಿದ್ದಿಲ್ಲ.

ನಾಕನೇ ದಿನ ಮಾಸ್ತರರ ಜೀವ ತಡೀಲಿಲ್ಲ. ಉಳದ ಆರು ಸಾಲು ಓದಿ ತಪ್ಪು ಒಪ್ಪಿಕೋಬೇಕಂತ ಡಿಕ್ಷನರಿ ತೆಗೆದರ, ಮೂಲಿ ಮಡಚಿದ ಹಾಳೀನ ಇಲ್ಲ! ಕತ್ತರಿಲೆ ನೀಟಾಗಿ ಕತ್ತರಿಸಿದ ಗುರುತಿತ್ತು. ಹೊರಸಿನ ಮ್ಯಾಲೆ ಕೌದಿ ನಾಕೂ ಮೂಲಿ ಮುಚ್ಚಿಕೊಂಡು ತಯಾರಾಗಿತ್ತು.

"ರೊಟ್ಟಿ ಬದ್ಲಿ ನಿಮ್ಮ ವಿದ್ಯಾನ ಇಟ್ಟು ಹೊಲದೇನ್ರಿ," ಅಂದ್ಲು ಮೈಮುನಾ.

ಮಾಸ್ತರರು ಗೋಗರೆದರು. ಅದರಾಗ ಮುಂದ ಛಲೋ ಅರ್ಥ ಐತಿ, ಹೊಲಿಗಿ ಬಿಚ್ಚು, ಓದಿ ಹೇಳ್ತೇನಿ ಅಂದರು.

"ಹೊಟ್ಟಿ ತುಂಬಿದ ಕೌದಿ ಬಿಚ್ಚಬಾರದ್ರಿ. ಛಲೋ ಅನ್ನೋದಕ್ಕ ಹಾಳಿ ಯಾಕ ಬೇಕಿತ್ತು? ನಿಮ್ಮ ಬಾಯಿಲೇ ಅನ್ನಬಹುದಿತ್ತಲ್ಲ."

ಈಗ ಮೊಮ್ಮಗ ದಿನಾ ಆ ಮೂಲಿ ಮ್ಯಾಲೇ ಉಚ್ಚಿ ಹೊಯ್ಯತಾನ. ಮಾಸ್ತರರು ತಾವಾಗೇ ಕೌದಿ ಒಣಹಾಕಿ, ಆರು ಸಾಲು ಉಳದಾವೋ ಇಲ್ಲೋ ಅಂತ ಮೂಲಿ ಮುಟ್ಟಿ ನೋಡತಾರ. ಕೌದಿ ಭಾಳ ಛಲೋ ಆಗೇತಿ ಅಂತ ಹೇಳಾಕ ತಿರುಗೂದ್ರಾಗ ಮೈಮುನಾ ಒಳಗ ಹೋಗಿರತಾಳ.