ಮಾವನ ಬೈರಾಸು

ನನ್ನ ಬಾಣಂತನ ಮಾಡಿದ್ದು ಒಬ್ಬ ಬ್ರಹ್ಮಚಾರಿ ಎಂದರೆ ನೀವು ನಂಬುತ್ತೀರಾ? ಅದೂ ಅಮೆರಿಕದಲ್ಲಿ, ಅದೂ ಒಂದು ಬೈರಾಸು ಹಿಡಿದುಕೊಂಡು!

ಬೈರಾಸು ಅಂದರೆ ಗೊತ್ತಲ್ಲ? ನಮ್ಮ ಉಡುಪಿ ಕಡೆ ಮೈ ಒರೆಸಿಕೊಳ್ಳುವ ತೆಳ್ಳನೆಯ ಚೌಕುಳಿ ಟವೆಲ್ಲು. ನನ್ನ ಸೋದರಮಾವ, ಅಂದರೆ ಅಮ್ಮನ ತಮ್ಮ, ಅದು ಹೆಗಲ ಮೇಲಿಲ್ಲದೆ ಹೊಸ್ತಿಲು ದಾಟಿದವರಲ್ಲ. ಸ್ಯಾನ್ ಡಿಯಾಗೋದ ಟೊರ್ರಿ ಪೈನ್ಸಿನ ಲ್ಯಾಬೊಂದರಲ್ಲಿ ದೊಡ್ಡ ವಿಜ್ಞಾನಿ. ಅಲ್ಲಿಯೂ ಬಿಳಿ ಕೋಟಿನ ಕಿಸೆಯಿಂದ ಬೈರಾಸಿನ ತುದಿ ಇಣುಕುತ್ತಿತ್ತಂತೆ.

ತೊಂಬತ್ತರ ದಶಕದ ಮಾತು. ನಾವು ಗಂಡ ಹೆಂಡತಿ ಲಾಸ್ ಏಂಜಲಿಸ್‌ನಲ್ಲಿದ್ದೆವು, ಮಾವ ಸ್ಯಾನ್ ಡಿಯಾಗೋ ಹತ್ತಿರದ ಪೊವೇಯಲ್ಲಿ. ನಾನು ಬಸುರಿಯಾದೆ. ಬಾಣಂತನಕ್ಕೆ ಅಮ್ಮ ಬರುವುದೆಂದು ನಿಶ್ಚಯವಾಯಿತು. ಅಷ್ಟರಲ್ಲಿ ಅಮ್ಮನ ವೀಸಾ ರಿಜೆಕ್ಟ್ ಆಯಿತು! ಹೆರಿಗೆ ನೋವನ್ನಾದರೂ ತಡೆದೇನು, ಅಮ್ಮನಿಲ್ಲದ ಬಾಣಂತನವನ್ನು ಹೇಗೆ ತಡೆಯುವುದು? ಊರಿಗೆ ಫೋನ್ ಮಾಡಿದರೆ ಅಮ್ಮ, "ಎಲ್ಲ ಸರಿಯಾಗ್ತದೆ, ಸರಿಯಾಗಿ ಊಟ ಮಾಡು, ಇಡ್ತೇನೆ" ಎಂದು ಇಟ್ಟೇಬಿಡುತ್ತಿದ್ದಳು. ಇವಳಿಗೆ ಮಗಳ ಚಿಂತೆಯೇ ಇಲ್ಲವಲ್ಲ ಎಂದು ನನಗೆ ಸಿಟ್ಟು, ಅದರ ಹಿಂದೆಯೇ ಅಳು.

ಆಗ ಮಾವ ಕಣಕ್ಕಿಳಿದರು. "ನೀನು ಹೆದರ್ಬೇಡ ಮಾರಾಯ್ತಿ. ನಾನು ರಿಸರ್ಚ್ ಮಾಡಿದ್ದೇನೆ. ಒಂದು ಬೈರಾಸು ಇದ್ರೆ ಸಾಕು."

ಮೊದಲ ಪ್ರಯೋಗ ಡೆಲ್ ಮಾರ್ ಬೀಚಿನಲ್ಲಿ. ಏಳು ತಿಂಗಳಾದರೂ ನನ್ನ ವಾಂತಿ ನಿಂತಿರಲಿಲ್ಲ; ಗಾಳಿಗೆ ಕೂತರೆ ನಿಲ್ಲುತ್ತದೆಂದು ಅವರೇ ಕರೆದುಕೊಂಡು ಹೋದದ್ದು. ತಲೆ ತಿರುಗುತ್ತದೆ ಎಂದದ್ದೇ ತಡ, ಬೈರಾಸನ್ನು ಸಮುದ್ರದಲ್ಲಿ ಅದ್ದಿ ನನ್ನ ತಲೆಗೆ ಸುತ್ತಿದರು. ಆ ನೀರೋ, ಐಸು! ವಾಂತಿ ನಿಂತಿತು, ಸುಳ್ಳು ಹೇಳಬಾರದು. ಕೂದಲಿನ ಮರಳು ಮಾತ್ರ ವಾರವಾದರೂ ಹೋಗಲಿಲ್ಲ.

ವಾಪಸು ಬರುವಾಗ ಅದು ಒಣಗಲಿ ಎಂದು ಕಾರಿನ ಆಂಟೆನಾಕ್ಕೆ ಕಟ್ಟಿದರು. ಸಾಲದ್ದಕ್ಕೆ, ಒಣಗಿತಾ ನೋಡಲು ಫ್ರೀವೇ ಪಕ್ಕ ಕಾರು ನಿಲ್ಲಿಸಿದರು! ಆ ದೇಶದಲ್ಲಿ ಆಂಟೆನಾಕ್ಕೆ ಬಟ್ಟೆ ಕಟ್ಟಿ ನಿಂತರೆ ಗಾಡಿ ಕೆಟ್ಟಿದೆ, ಸಹಾಯ ಬೇಕು ಎಂದು ಅರ್ಥ. ದೀಪ ಮಿನುಗಿಸುತ್ತ ಪೊಲೀಸ್ ಕಾರು ಬಂದೇಬಿಟ್ಟಿತು. ಗಾಡಿಗೆ ಏನಾಗಿದೆ ಎಂದು ಪೊಲೀಸಿನವನು ಕೇಳಿದರೆ ಮಾವ ಗಂಭೀರವಾಗಿ, "ಕಾರ್ ಈಸ್ ಫೈನ್, ಆಫೀಸರ್. ಟವೆಲ್ ಈಸ್ ವೆಟ್" ಎಂದರು. ಹಿಂದಿನ ಸೀಟಿನಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಪಾಪ, ಅವನು ಅದನ್ನು ಹೆರಿಗೆ ನೋವೆಂದೇ ತಿಳಿದ.

ಮಗಳು ಹುಟ್ಟಿದಳು. ಬಾಣಂತಿಗೆ ಹೊಟ್ಟೆ ಕಟ್ಟಬೇಕಲ್ಲ? ಮಾವನಿಗೆ ನಾಚಿಕೆ. ನನ್ನ ಗಂಡನನ್ನು ಹಾಲ್‌ನಲ್ಲಿ ನಿಲ್ಲಿಸಿ ಅವರ ಹೊಟ್ಟೆಗೇ ಬೈರಾಸು ಸುತ್ತಿ ಪಾಠ ಶುರು ಮಾಡಿದರು.

"ಗಂಟು ಎಡಕ್ಕೆ ಬರ್ಬೇಕು. ಬಲಕ್ಕೆ ಬಂದ್ರೆ ಮಗು ಎತ್ತುವಾಗ ಒತ್ತುತ್ತದೆ. ಉಸಿರು ಬಿಡು."

"ಮಾವ, ಹೆತ್ತಿದ್ದು ನಾನಲ್ಲ!"

"ಹೆರದೆಯೇ ಇಷ್ಟು ಹೊಟ್ಟೆ ಹೇಗೆ ಬಂತು ನಿಂಗೆ?"

ಬೆಂಗಳೂರಿನ ನನ್ನ ಟೆಲಿಕಾಂ ಇಂಜಿನಿಯರ್ ಗಂಡ ಪಾಠ ಕಲಿತು ಒಳಗೆ ಬಂದು ನನಗೆ ಕಟ್ಟಿದರು. ನಿಜಕ್ಕೂ ಸೊಂಟ ಹಗುರಾಯಿತು. ಆಮೇಲೆ ಮಗುವನ್ನು ಸುತ್ತುವುದಕ್ಕೆ, ಹಾಲು ಕುಡಿಸುವಾಗ ಮರೆಗೆ, ತೇಗಿಸುವಾಗ ಹೆಗಲಿಗೆ, ಕಾರಿನ ಕಿಟಕಿಯ ಬಿಸಿಲಿಗೆ, ಎಲ್ಲದಕ್ಕೂ ಬೈರಾಸೇ. ಅಂಗಡಿಯಿಂದ ತಂದ ಬಣ್ಣಬಣ್ಣದ ಸಾಮಾನುಗಳು ಕಪಾಟಿನಲ್ಲೇ ಉಳಿದವು.

ಇಷ್ಟೆಲ್ಲ ಈ ಬ್ರಹ್ಮಚಾರಿ ಯಾವ ಲ್ಯಾಬಿನಲ್ಲಿ ಕಲಿತರು? ಕೇಳಿದರೆ "ರಿಸರ್ಚ್" ಎಂದಷ್ಟೇ ಉತ್ತರ. ಇನ್ನೊಂದು ವಿಚಿತ್ರವೆಂದರೆ, ಪ್ರತಿ ಶನಿವಾರ ಬೆಳಿಗ್ಗೆ ನಮ್ಮಲ್ಲಿಗೆ ಹೊರಡುವ ಮೊದಲು ಅವರ ಫೋನು ಯಾವಾಗಲೂ ಎಂಗೇಜು. "ಮಾವಂಗೆ ಯಾರೋ ಸಿಕ್ಕಿದಾರೆ ಕಣೇ!" ಎಂದು ನನ್ನ ಗಂಡ ಕಣ್ಣು ಮಿಟುಕಿಸುತ್ತಿದ್ದರು. ಈ ವಯಸ್ಸಿನಲ್ಲಾದರೂ ಒಂದು ಜೋಡಿಯಾಗಲಿ ಎಂದು ನಾನೂ ದೇವರಿಗೆ ಕೈ ಮುಗಿದದ್ದುಂಟು!

ಮಗಳು ತಟಪಟ ಹೆಜ್ಜೆ ಹಾಕುವ ಹೊತ್ತಿಗೆ ಅಮ್ಮನಿಗೆ ವೀಸಾ ಸಿಕ್ಕಿತು. ಲಾಸ್ ಏಂಜಲಿಸ್ ಏರ್‌ಪೋರ್ಟಿಗೆ ಎಲ್ಲರೂ ಹೋದೆವು. ಅಮ್ಮ ಬಂದವಳೇ ಮೊಮ್ಮಗಳನ್ನು ಎತ್ತಿಕೊಂಡಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಾವನ ಕಡೆ ತಿರುಗಿ ಕೇಳಿದಳು.

"ಗಂಟು ಎಡಕ್ಕೇ ಹಾಕಿಸಿದ್ದಿ ಅಲ್ವಾ?"

"ಹಾಕಿಸಿದ್ದೆ ಅಕ್ಕ. ನೀನು ಫೋನಲ್ಲಿ ಹೇಳಿದ ಹಾಗೇ."

ನಾನು ಇಬ್ಬರ ಮುಖವನ್ನೂ ನೋಡಿದೆ. ಶನಿವಾರದ ಆ 'ಯಾರೋ' ನನ್ನ ಅಮ್ಮ!

"ನಿನ್ನ ಸ್ವರ ಕೇಳಿದ್ರೆ ಸಾಕು, ನಂಗೆ ಅಳು ಬರ್ತಿತ್ತು ಮಗಾ" ಎಂದಳು ಅಮ್ಮ. "ಅಳ್ತಾ ಅಳ್ತಾ ನಿಂಗೆ ಎಂತ ಹೇಳಿಕೊಡುವುದು? ಅದಕ್ಕೇ ಇವನಿಗೆ ಹೇಳ್ತಿದ್ದೆ."

ಚಿಂತೆಯೇ ಇಲ್ಲ ಎಂದುಕೊಂಡಿದ್ದೆನಲ್ಲ! ನನಗೆ ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತೆ. ಮಾವ ಗಡಿಬಿಡಿಯಲ್ಲಿ ಹೆಗಲ ಮೇಲಿನ ಬೈರಾಸು ತೆಗೆದು ಚಾಚಿದರು.

"ತಕೋ ಮಾರಾಯ್ತಿ. ಇವತ್ತು ಒಣಗಿದ್ದೇ ಉಂಟು."

ಅದರ ಒಂದು ತುದಿಯಲ್ಲಿ ನಾನು ಮುಖ ಒರೆಸಿಕೊಂಡೆ. ಇನ್ನೊಂದು ತುದಿಯನ್ನು ಅಮ್ಮ ಆಗಲೇ ಹಿಡಿದಿದ್ದಳು.